ನೀರು ಕಲಿಸಿದ ದಾರಿ

ಅಮೆರಿಕ ಸಂಯುಕ್ತ ಸಂಸ್ಥಾನಗಳ ವಾಯವ್ಯದ ಅಂಚಿನಲ್ಲಿ, ಪೆಸಿಫಿಕ್ ಮಹಾಸಾಗರವು ನೂರಾರು ಕವಲುಗಳಾಗಿ ಒಳನಾಡಿನೊಳಕ್ಕೆ ಚಾಚಿಕೊಂಡಿರುವ ಪ್ಯೂಜೆಟ್ ಸೌಂಡ್ ಎಂಬ ಜಲಪ್ರದೇಶದ ದಕ್ಷಿಣ ತುದಿಯಲ್ಲಿ, ವಾಷಿಂಗ್ಟನ್ ಸಂಸ್ಥಾನದ ರಾಜಧಾನಿಯಾದ ಒಲಿಂಪಿಯಾ ನಗರದ ಮಗ್ಗುಲಿಗೆ, ತಮ್‌ವಾಟರ್ ಎಂಬ ಸಣ್ಣ ಊರೊಂದಿದೆ. ಕ್ಯಾಸ್ಕೇಡ್ ಪರ್ವತಶ್ರೇಣಿಯ ತಪ್ಪಲಿನ ಗುಡ್ಡಗಳಲ್ಲಿ ಹುಟ್ಟುವ ಡೆಶೂಟ್ಸ್ ನದಿಯು ಸುಮಾರು 90 ಕಿಲೋಮೀಟರು ದೂರ ಕಾಡು, ಹುಲ್ಲುಗಾವಲು, ಹೊಲಗಳ ನಡುವೆ ನಿಧಾನವಾಗಿ ಹರಿದುಬಂದು, ಕಡಲು ಇನ್ನೇನು ಸಮೀಪಿಸಿತೆನ್ನುವಾಗ, ಈ ಊರಿನಲ್ಲಿ ಕರಿಯ ಬಂಡೆಗಳ ಇಕ್ಕಟ್ಟಿನೊಳಗೆ ಸಿಲುಕಿ, ಮೂರು ಹಂತಗಳಲ್ಲಿ ಒಟ್ಟು 80 ಅಡಿಗಳಷ್ಟು ಕೆಳಕ್ಕೆ ಧುಮುಕುತ್ತದೆ. ಇದೇ ಹೆಸರಿನ ಇನ್ನೊಂದು ದೊಡ್ಡ ನದಿ ಆರೆಗನ್ ಸಂಸ್ಥಾನದಲ್ಲುಂಟು. ಅದು ಬೇರೆ, ಇದು ಬೇರೆ.

ಈ ಮೂರು ಜಲಪಾತಗಳ ಇಕ್ಕೆಲಗಳಲ್ಲಿ, ಕೇವಲ 15 ಎಕರೆಯಷ್ಟು ವಿಸ್ತಾರದ ಉದ್ಯಾನವೊಂದಿದೆ. ಹಿಂದೆ ಇಲ್ಲಿಯ ನೀರನ್ನು ನೆಚ್ಚಿ ಬೀರ್ ಕಾರ್ಖಾನೆಯನ್ನು ನಡೆಸುತ್ತಿದ್ದ ಮನೆತನದವರು ಸ್ಥಾಪಿಸಿದ ಪ್ರತಿಷ್ಠಾನವು 1960ರ ದಶಕದ ಆರಂಭದಲ್ಲಿ ಇದನ್ನು ಸಾರ್ವಜನಿಕರಿಗಾಗಿ ತೆರೆಯಿತು. ಮೇಲಿನ ಜಲಪಾತದ ಬಳಿ ಹೊರಟು, ಒಂದು ದಡದ ಕಾಲುದಾರಿಯನ್ನು ಹಿಡಿದು ಕೆಳಗಿಳಿದು, ತಳದ ಕಾಲುಸೇತುವೆಯನ್ನು ದಾಟಿ, ಇನ್ನೊಂದು ದಡದಿಂದ ಮೇಲೇರಿ ಬಂದರೆ ಒಟ್ಟು ಒಂದು ಮೈಲಿಯ ನಡಿಗೆಯಾಗುತ್ತದೆ. ನಡಿಗೆ ಚಿಕ್ಕದಾದರೂ ಅದರಲ್ಲಿ ಕಣ್ಣಿಗೂ ಕಿವಿಗೂ ಬಿಡುವಿಲ್ಲ. ಡಗ್ಲಸ್ ಫರ್ ಮತ್ತು ಸೀಡರ್ ವೃಕ್ಷಗಳ ನಿತ್ಯಹರಿತ ಛಾಯೆಯಲ್ಲಿ, ಹಾವಸೆ ಬೆಳೆದ ಕೊಂಬೆಗಳ ಕೆಳಗೆ, ಮೊಣಕಾಲೆತ್ತರದ ಜರೀಗಿಡಗಳ ನಡುವೆ ದಾರಿ ತಿರುತಿರುಗಿ ಸಾಗುತ್ತದೆ. ತಿರುವಿನಿಂದ ತಿರುವಿಗೆ ನೀರಿನ ಧ್ವನಿ ಬದಲಾಗುತ್ತದೆ. ಒಂದೆಡೆ ಘೋಷ, ಮತ್ತೊಂದೆಡೆ ಗುಂಜಾರವ, ಬಂಡೆ ಅಡ್ಡ ಬಂದಲ್ಲಿ ಬರಿಯ ಮರ್ಮರ.

ನಾನು ಅಲ್ಲಿಗೆ ಹೋದದ್ದು ಶರತ್ಕಾಲದಲ್ಲಿ, ಮೇಪಲ್ ಎಲೆಗಳು ಹಳದಿಗೆ ತಿರುಗಿ ದಾರಿಯ ತುಂಬ ಹಾಸಿಕೊಂಡಿದ್ದಾಗ. ಚಿನೂಕ್ ಎಂಬ ಜಾತಿಯ ಸಾಲ್ಮನ್ ಮೀನುಗಳು ಕಡಲಿನಿಂದ ನದಿಗೆ ಮರಳುವುದು ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ. ಉದ್ಯಾನವು ತನ್ನ ಸಂಪೂರ್ಣ ಅರ್ಥದಲ್ಲಿ ತೆರೆದುಕೊಳ್ಳುವುದೂ ಆಗಲೇ. ಮಿಕ್ಕ ತಿಂಗಳುಗಳಲ್ಲಿ ಅದು ಸುಂದರವಾದ ಸ್ಥಳ. ಆ ಎರಡು ತಿಂಗಳುಗಳಲ್ಲಿ ಅದೊಂದು ಮಹಾಪ್ರಯತ್ನದ ರಂಗಸ್ಥಳ. ತಳದ ಜಲಪಾತದ ಕೆಳಗಣ ಕೊಳದಲ್ಲಿ ತೋಳುದ್ದದ ಕಪ್ಪು ದೇಹಗಳು ಒಂದರ ಪಕ್ಕ ಒಂದಾಗಿ, ಎಲ್ಲವೂ ಪ್ರವಾಹಕ್ಕೆ ಅಭಿಮುಖವಾಗಿ, ಬಾಲವನ್ನು ಮಾತ್ರ ಮೆಲ್ಲಗೆ ಆಡಿಸುತ್ತ ನಿಂತಿರುತ್ತವೆ. ಆಗಾಗ ಅವುಗಳಲ್ಲೊಂದು ನೀರನ್ನು ಸೀಳಿಕೊಂಡು ಮೇಲಕ್ಕೆ ನೆಗೆದು, ಬೀಳುವ ನೀರಿನ ಬಿಳಿಯ ಗೋಡೆಗೆ ಎದೆಕೊಟ್ಟು, ಹಿಂದಕ್ಕೆ ಬೀಳುತ್ತದೆ. ಸೇತುವೆಯ ಮೇಲೆ ನಿಂತ ಮಕ್ಕಳು ಕೂಗುತ್ತಾರೆ. ಹಿರಿಯರು ಮಾತು ನಿಲ್ಲಿಸುತ್ತಾರೆ.

ಈ ನೆಗೆತವನ್ನು ಲೆಕ್ಕದ ದೃಷ್ಟಿಯಿಂದಲೂ ನೋಡಬಹುದು. ಚಿನೂಕ್ ಮೀನು ಅನುಕೂಲವಾದ ಸ್ಥಿತಿಯಲ್ಲಿ ಏರಬಲ್ಲ ಎತ್ತರ ಸುಮಾರು 8 ಅಡಿ. ಅಷ್ಟೆತ್ತರಕ್ಕೆ ಚಿಮ್ಮಬೇಕಾದ ಕಾಯವು ನೀರಿನ ಮೇಲ್ಮೈಯನ್ನು ಬಿಡುವ ಕ್ಷಣದಲ್ಲಿ ಸೆಕೆಂಡಿಗೆ 7 ಮೀಟರುಗಳಿಗೆ ಸಮೀಪವಾದ ವೇಗವನ್ನು ಪಡೆದಿರಬೇಕೆಂದು ಗುರುತ್ವದ ಸರಳ ನಿಯಮವೇ ತಿಳಿಸುತ್ತದೆ. ಬೇಟೆಯಿಲ್ಲದೆ, ಆಹಾರವಿಲ್ಲದೆ, ಮೈಯಲ್ಲಿ ಕೂಡಿಟ್ಟ ಕೊಬ್ಬನ್ನಷ್ಟೇ ಕರಗಿಸುತ್ತ ಬಂದ ಜೀವಿ ಈ ವೇಗವನ್ನು ಹೇಗೆ ಗಳಿಸುತ್ತದೆಂಬುದಕ್ಕೆ ಉತ್ತರದ ಒಂದು ಭಾಗ ನೀರಿನಲ್ಲಿಯೇ ಇದೆ. ಧುಮುಕುವ ನೀರು ಕೊಳದ ಆಳಕ್ಕಿಳಿದು, ತಳದಿಂದ ಪುಟಿದು, ಜಲಪಾತದ ಬುಡದಿಂದ ತುಸು ಮುಂದೆ ಮೇಲ್ಮುಖವಾದ ಉಬ್ಬೊಂದನ್ನು ರಚಿಸುತ್ತದೆ. ಮೀನು ಆ ಉಬ್ಬನ್ನು ಹುಡುಕಿ, ಅದರ ಏರಿಕೆಯನ್ನೇ ತನ್ನ ಬಲಕ್ಕೆ ಕೂಡಿಸಿಕೊಂಡು ನೆಗೆಯುತ್ತದೆ. ಆದ್ದರಿಂದ ಎತ್ತರವಾದರೂ ಬುಡದಲ್ಲಿ ಆಳವುಳ್ಳ ಜಲಪಾತವನ್ನು ಅದು ದಾಟೀತು. ಅಷ್ಟೇನೂ ಎತ್ತರವಿಲ್ಲದಿದ್ದರೂ ಬುಡದಲ್ಲಿ ಬರಿಯ ಬಂಡೆಯಿರುವ ಜಲಪಾತದ ಮುಂದೆ ಸೋತೀತು.

ತಮ್‌ವಾಟರಿನ ಜಲಪಾತಗಳು ಎತ್ತರದಿಂದಲೂ ಕಡಿದಾದ ರಚನೆಯಿಂದಲೂ ಯಾವ ಸಾಲ್ಮನ್ನಿಗೂ ದಾಟಲಾಗದ ತಡೆಗಳಾಗಿದ್ದವು. ಅಲ್ಲಿಯ ಕರಿಯ ಬಂಡೆ ಸುಮಾರು 5 ಕೋಟಿ ವರ್ಷಗಳ ಹಿಂದೆ ಲಾವಾರಸವು ಹೆಪ್ಪುಗಟ್ಟಿ ಆದ ಬಸಾಲ್ಟ್; ಸುತ್ತಣ ಮೆದು ಮಣ್ಣನ್ನು ಕೊರೆದುಕೊಂಡು ಬಂದ ನದಿಗೆ ಅದನ್ನು ಕೊರೆಯುವುದು ಸುಲಭಸಾಧ್ಯವಾಗಲಿಲ್ಲ. ಜಲಪಾತದ ಕೆಳಗಡೆ, ಕಡಲಿನ ಉಪ್ಪುನೀರು ನದಿಯೊಡನೆ ಬೆರೆಯುವ ಅಳಿವೆಯಲ್ಲಿ, ಸ್ಕ್ವಾಕ್ಸಿನ್ ದ್ವೀಪದ ಬುಡಕಟ್ಟಿನ ಪೂರ್ವಿಕರು ಸಾವಿರಾರು ವರ್ಷಗಳಿಂದ ಮೀನು, ಚಿಪ್ಪುಜೀವಿಗಳನ್ನು ಹಿಡಿದು ಬಾಳಿದರು. 1845ರಲ್ಲಿ ಮೈಕೆಲ್ ಸಿಮನ್ಸ್, ಜಾರ್ಜ್ ಬುಷ್ ಮೊದಲಾದವರ ಕುಟುಂಬಗಳು ಬಂದು, ಪ್ಯೂಜೆಟ್ ಸೌಂಡಿನ ತೀರದಲ್ಲಿ ಅಮೆರಿಕನ್ನರ ಮೊತ್ತಮೊದಲ ನೆಲೆಯನ್ನು ಇಲ್ಲಿ ಹೂಡಿ, ಧುಮುಕುವ ನೀರಿನ ಬಲದಿಂದ ಗಿರಣಿಯನ್ನು ನಡೆಸಿದರು. ಬುಷ್ ಕಪ್ಪುಜನಾಂಗಕ್ಕೆ ಸೇರಿದವರು. ಕೊಲಂಬಿಯಾ ನದಿಯ ದಕ್ಷಿಣಕ್ಕೆ ಕಪ್ಪುಜನ ನೆಲೆಸಕೂಡದೆಂಬ ಅಂದಿನ ಅನ್ಯಾಯದ ಕಟ್ಟಳೆಯೇ ಆ ತಂಡವನ್ನು ಉತ್ತರಕ್ಕೆ, ಈ ಜಲಪಾತದ ಬಳಿಗೆ, ತಿರುಗಿಸಿತು. ಇಷ್ಟೆಲ್ಲ ಮನುಷ್ಯರು ಬಂದು ನೆಲೆಯಾದ ಮೇಲೆಯೂ ಜಲಪಾತದ ಮೇಲಣ ನದಿಯಲ್ಲಿ ಸಾಲ್ಮನ್ ಇರಲಿಲ್ಲ.

1950ರ ದಶಕದಲ್ಲಿ ಈ ಸ್ಥಿತಿ ಬದಲಾಯಿತು. ಬಂಡೆಗಳ ಮಗ್ಗುಲಲ್ಲಿ ಕಾಂಕ್ರೀಟಿನಿಂದ ಮತ್ಸ್ಯಸೋಪಾನವನ್ನು, ಎಂದರೆ ಮೀನುಗಳು ಏರತಕ್ಕ ಮೆಟ್ಟಿಲುಗಳ ಸಾಲನ್ನು ಕಟ್ಟಿದರು. ಒಂದರ ಮೇಲೊಂದಾಗಿ ಜೋಡಿಸಿದ ತೊಟ್ಟಿಗಳು. ಒಂದರಿಂದ ಇನ್ನೊಂದಕ್ಕೆ ಅಡಿಯಷ್ಟರ ಏರಿಕೆ. ಪ್ರತಿ ತೊಟ್ಟಿಯ ಮೂಲೆಯಲ್ಲಿಯೂ ದಣಿದ ಮೀನು ವಿಶ್ರಮಿಸುವಷ್ಟು ತಿಳಿನೀರು. ಮೇಲ್ತುದಿಯಲ್ಲಿ ಮೀನುಮರಿ ಉತ್ಪಾದನಾ ಕೇಂದ್ರವೊಂದನ್ನು ನಡೆಸಿ, ಸಿಯಾಟಲ್ ನಗರದ ದಕ್ಷಿಣದಲ್ಲಿ ಹರಿಯುವ ಗ್ರೀನ್ ನದಿಯ ಮೂಲದ ಚಿನೂಕ್ ತಳಿಯನ್ನು ಇಲ್ಲಿ ನೆಲೆಗೊಳಿಸಿದರು. ಏರಿಬಂದ ಹೆಣ್ಣುಗಳ ಮೊಟ್ಟೆಗಳನ್ನು ತೆಗೆದು, ಗಂಡುಗಳ ವೀರ್ಯದೊಡನೆ ಕೂಡಿಸಿ, ಬೇರೆ ಕೇಂದ್ರಗಳಿಗೆ ಕೊಂಡೊಯ್ದು ಮರಿಮಾಡಿಸಿ, ಆ ಮರಿಗಳನ್ನು ಪುನಃ ಇಲ್ಲಿಗೆ ತಂದು, ಡೆಶೂಟ್ಸ್ ನದಿಯ ನೀರು ಹಾಯುವ ತೊಟ್ಟಿಗಳಲ್ಲಿ ಕೆಲವು ಕಾಲ ಬೆಳೆಸಿ, ವಸಂತದ ಕೊನೆಯಲ್ಲಿ ನದಿಗೆ ಬಿಡುವುದು ಬಹುಕಾಲ ನಡೆದುಬಂದ ಪದ್ಧತಿ.

ವಿಷಯದ ಮರ್ಮವಿರುವುದು ಇಲ್ಲಿ. ಈ ಮೀನಿನ ವಂಶ ಇನ್ನೊಂದು ನದಿಯದು. ಅದು ಮೊಟ್ಟೆಯೊಡೆದದ್ದು ಮತ್ತೊಂದು ನೀರಿನಲ್ಲಿ. ಮೆಟ್ಟಿಲುಗಳನ್ನು ಕಟ್ಟುವುದಕ್ಕೆ ಮುಂಚೆ ಅದರ ಪೂರ್ವಿಕರಲ್ಲಿ ಯಾರೊಬ್ಬರೂ ಈ ಜಲಪಾತವನ್ನು ದಾಟಿದವರಲ್ಲ. ಹೀಗಿದ್ದೂ, ಮೂರು ನಾಲ್ಕು ವರ್ಷ ಸಾಗರದಲ್ಲಿ ಅಲೆದು, ಹತ್ತು ಕಿಲೋಗ್ರಾಮಿನವರೆಗೂ ಬೆಳೆದು, ಪ್ಯೂಜೆಟ್ ಸೌಂಡಿಗೆ ಬಂದು ಸೇರುವ ಹತ್ತಾರು ನದಿಗಳನ್ನು ಬಿಟ್ಟು, ಅದು ಈ ಒಂದು ನದಿಯ ಬಾಯಿಗೇ ಬಂದು, ಈ ಬಂಡೆಗಳ ಕೆಳಗೇ ನಿಂತು ನೆಗೆಯುತ್ತದೆ. ಸಾಲ್ಮನ್ ತನ್ನ ಪೂರ್ವಿಕರ ನದಿಗೆ ಮರಳುವುದೆಂಬ ಲೋಕದ ನಂಬಿಕೆ ಇಲ್ಲಿ ನಿಲ್ಲುವುದಿಲ್ಲ. ಮೀನಿಗೆ ಮನೆಯನ್ನು ತಿಳಿಸಿಕೊಡುವುದು ರಕ್ತವಲ್ಲ, ಕಲಿಕೆ. ಎಳವೆಯಲ್ಲಿ ನೀರು ಕಲಿಸಿದ ಪಾಠ.

ಆ ಪಾಠದ ಸ್ವರೂಪ ಏನೆಂಬುದನ್ನು ಕಂಡುಹಿಡಿದವರಲ್ಲಿ ಅಗ್ರಗಣ್ಯರು ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಆರ್ಥರ್ ಹ್ಯಾಸ್ಲರ್. ಅವರಿಗೆ ಈ ಆಲೋಚನೆ ಹೊಳೆದದ್ದು ಕೂಡ ಒಂದು ಜಲಪಾತದ ಬಳಿಯಲ್ಲಿ ಎಂಬುದು ನನಗೆ ಬಹಳ ಪ್ರಿಯವಾದ ಸಂಗತಿ. ಯೂಟಾ ಸಂಸ್ಥಾನದ ಟಿಂಪನೋಗೋಸ್ ಪರ್ವತ ಅವರ ಬಾಲ್ಯದ ಪರಿಸರ. ಪ್ರಾಪ್ತವಯಸ್ಕರಾಗಿ, ವಿಜ್ಞಾನಿಯಾಗಿ, ಅಲ್ಲಿಗೆ ಹೋಗಿ ಬೆಟ್ಟವನ್ನೇರುತ್ತಿದ್ದಾಗ, ಬಂಡೆಯ ಮರೆಯಲ್ಲಿದ್ದು ಇನ್ನೂ ಕಣ್ಣಿಗೆ ಬೀಳದಿದ್ದ ಜಲಪಾತವೊಂದರ ಕಡೆಯಿಂದ ತಂಗಾಳಿ ಬೀಸಿ, ಹಾವಸೆಯ ಮತ್ತು ಕಾಡುಹೂವುಗಳ ಪರಿಮಳವನ್ನು ತಂದಿತು. ಒಡನೆಯೇ ಆ ಜಲಪಾತದ ಚಿತ್ರವಷ್ಟೇ ಅಲ್ಲ, ವರ್ಷಗಟ್ಟಲೆ ನೆನೆಯದೆ ಮರೆತಿದ್ದ ಬಾಲ್ಯದ ಗೆಳೆಯರೂ ಅವರೊಡನೆ ಆಡಿದ ಆಟಗಳೂ ಮನಸ್ಸಿನಲ್ಲಿ ಎದ್ದು ನಿಂತವು. ವಾಸನೆಯೊಂದು ಮನುಷ್ಯನಲ್ಲಿ ಇಷ್ಟನ್ನು ಎಬ್ಬಿಸಬಲ್ಲುದಾದರೆ, ಸಾಲ್ಮನ್ನಿನಲ್ಲಿಯೂ ಹೀಗೆಯೇ ಆಗುತ್ತಿರಬಾರದೇಕೆ ಎಂದು ಅವರು ಕೇಳಿಕೊಂಡರು. ಒಂದೊಂದು ನದಿಗೂ ಅದರದೇ ಮಣ್ಣು, ಅದರದೇ ಗಿಡಮರ, ಅದರದೇ ಕೊಳೆತ ಎಲೆ. ಆದ್ದರಿಂದ ಅದರದೇ ಗಂಧ. ಮರಿಯು ಆ ಗಂಧವನ್ನು ಮನಸ್ಸಿನಲ್ಲಿ ಅಚ್ಚೊತ್ತಿಸಿಕೊಂಡು, ಪ್ರೌಢವಾಗಿ ಮರಳುವಾಗ ಅದನ್ನೇ ಹಿಡಿದು ಬರುತ್ತದೆಂದು 1951ರಲ್ಲಿ ಅವರೂ ಅವರ ಶಿಷ್ಯ ವಾರೆನ್ ವಿಸ್ಬಿಯೂ ಪ್ರತಿಪಾದಿಸಿದರು.

ಪ್ರತಿಪಾದನೆಗೆ ಪರೀಕ್ಷೆ ಬೇಕು. ತಮ್‌ವಾಟರಿನಿಂದ ಉತ್ತರಕ್ಕೆ, ಸಿಯಾಟಲ್ಲಿನ ಪೂರ್ವಕ್ಕಿರುವ ಇಸಕ್ವಾ ಹೊಳೆಯಲ್ಲಿ ಎರಡು ಕವಲುಗಳು ಕೂಡುತ್ತವೆ. ಅವೆರಡರಲ್ಲಿಯೂ ಏರಿಹೋಗಿದ್ದ ಕೋಹೋ ಜಾತಿಯ ಸಾಲ್ಮನ್ನುಗಳನ್ನು ಹಿಡಿದು, ಅರ್ಧದಷ್ಟರ ಮೂಗಿನ ಹೊಳ್ಳೆಗಳಿಗೆ ಹತ್ತಿ ತುರುಕಿ, ಎಲ್ಲವನ್ನೂ ಸಂಗಮದ ಕೆಳಗಡೆ ಪುನಃ ನೀರಿಗೆ ಬಿಟ್ಟರು. ಮೂಗು ತೆರೆದಿದ್ದವು ಬಹುಪಾಲು ತಾವು ಮೊದಲು ಆರಿಸಿದ್ದ ಕವಲನ್ನೇ ಮತ್ತೆ ಆರಿಸಿದವು. ಮೂಗು ಮುಚ್ಚಿದ್ದವು ದಿಕ್ಕುತಪ್ಪಿ, ಯಾವ ಕವಲು ಎದುರಾಯಿತೋ ಅದನ್ನು ಹಿಡಿದವು. ಮೀನಿನ ಮೂಗು ಉಸಿರಾಟಕ್ಕಾಗಿ ಇರುವುದಲ್ಲ, ಅದಕ್ಕೆ ಕಿವಿರುಗಳುಂಟು. ಮೂತಿಯ ಇಕ್ಕೆಲಗಳಲ್ಲಿರುವ ಆ ಪುಟ್ಟ ಗುಳಿಗಳೊಳಗೆ, ಹೂವಿನ ಎಸಳುಗಳಂತೆ ಮಡಿಕೆಮಡಿಕೆಯಾಗಿ ಹರಡಿಕೊಂಡಿರುವ ಪೊರೆಯ ಮೇಲೆ ನೀರು ಹಾಯುತ್ತಿರುತ್ತದೆ, ಅಷ್ಟೆ.

ಇನ್ನೂ ನಿರ್ಣಾಯಕವಾದ ಪ್ರಯೋಗ 1970ರ ದಶಕದಲ್ಲಿ ಮಿಷಿಗನ್ ಸರೋವರದಲ್ಲಿ ನಡೆಯಿತು. ಮಾರ್ಫೊಲಿನ್ ಎಂಬ, ಸ್ವಾಭಾವಿಕವಾಗಿ ಆ ಹೊಳೆಗಳಲ್ಲಿಲ್ಲದ ರಾಸಾಯನಿಕವನ್ನು, ನೂರು ಕೋಟಿಯಲ್ಲಿ ಒಂದು ಭಾಗಕ್ಕಿಂತಲೂ ಎಷ್ಟೋ ಕಡಮೆಯಾದ ಪ್ರಮಾಣದಲ್ಲಿ, ಕೋಹೋ ಮರಿಗಳಿದ್ದ ತೊಟ್ಟಿಯ ನೀರಿಗೆ ಬೆರೆಸಿದರು. ಇನ್ನೊಂದು ಗುಂಪಿನ ಮರಿಗಳಿಗೆ ಬೇರೊಂದು ಗಂಧದ್ರವ್ಯವನ್ನು ಪರಿಚಯಿಸಿದರು. ಎಲ್ಲವನ್ನೂ ಸರೋವರಕ್ಕೆ ಬಿಟ್ಟರು. ಒಂದೂವರೆ ವರ್ಷ ಕಳೆದು ಮೀನುಗಳು ಮೊಟ್ಟೆಯಿಡಲು ಹೊಳೆಗಳನ್ನು ಹುಡುಕುವ ಕಾಲಕ್ಕೆ, ಅವು ಎಂದೂ ಕಂಡಿರದ ಒಂದು ಹೊಳೆಗೆ ಮಾರ್ಫೊಲಿನ್ನನ್ನೂ ಮತ್ತೊಂದಕ್ಕೆ ಎರಡನೆಯ ದ್ರವ್ಯವನ್ನೂ ಹನಿಹನಿಯಾಗಿ ಬಿಟ್ಟರು. ಹಿಂದಿರುಗಿದ ಮೀನುಗಳಲ್ಲಿ ಬಹುತೇಕ ಎಲ್ಲವೂ ತಮ್ಮ ತಮ್ಮ ಗಂಧದ ಹೊಳೆಯನ್ನೇ ಹೊಕ್ಕವು. ಸಿಯಾಟಲ್ಲಿನ ವಾಷಿಂಗ್ಟನ್ ವಿಶ್ವವಿದ್ಯಾನಿಲಯದಲ್ಲಿ ಲಾರೆನ್ ಡೊನಾಲ್ಡ್‌ಸನ್ ಎಂಬ ಪ್ರಾಧ್ಯಾಪಕರು 1949ರಲ್ಲಿಯೇ ಕೈಕೊಂಡ ಕಾರ್ಯದ ಫಲವಾಗಿ, ಅಂಗಳದ ಕೃತಕ ಕೊಳವೊಂದಕ್ಕೆ ಚಿನೂಕ್ ಮೀನುಗಳು ಕಡಲಿನಿಂದ ವರ್ಷವರ್ಷವೂ ಬಂದು ಸೇರುತ್ತಿದ್ದವು. ಮನೆಯೆಂಬುದನ್ನು ಮೀನಿಗೆ ಮನುಷ್ಯನು ನೇಮಿಸಿಕೊಡಬಹುದೆಂಬುದು ಸಿದ್ಧವಾಯಿತು. ಇದು ನಮ್ಮ ಕೈಗೆ ಬಂದ ದೊಡ್ಡ ಶಕ್ತಿ. ಅಷ್ಟೇ ದೊಡ್ಡ ಹೊಣೆಯೂ ಹೌದು.

ಪಾಠ ನಡೆಯುವ ಕಾಲವೂ ಗೊತ್ತಾಗಿದೆ. ಕಲ್ಲುಹರಳುಗಳ ನಡುವೆ ಹುದುಗಿದ ಮೊಟ್ಟೆಯಿಂದ ಹೊರಬಂದ ಮರಿ, ಹೊಟ್ಟೆಗೆ ಅಂಟಿದ ಕಿತ್ತಳೆವರ್ಣದ ಆಹಾರಚೀಲವನ್ನು ಕರಗಿಸಿಕೊಂಡು ಮುಗಿಸಿ, ನದಿಯ ಹುಳುಹುಪ್ಪಟೆಗಳನ್ನು ತಿಂದು ಬೆರಳುದ್ದ ಬೆಳೆದ ಮೇಲೆ, ಒಂದು ಅದ್ಭುತವಾದ ರೂಪಾಂತರಕ್ಕೆ ಸಿದ್ಧವಾಗುತ್ತದೆ. ಪಕ್ಕೆಗಳ ಮೇಲಿನ ಕಪ್ಪು ಪಟ್ಟೆಗಳು ಮಾಸಿ ಮೈ ಬೆಳ್ಳಿಯಾಗುತ್ತದೆ. ಅದುವರೆಗೆ ಸಿಹಿನೀರಿನಿಂದ ಲವಣಗಳನ್ನು ಕಷ್ಟಪಟ್ಟು ಹೀರಿಕೊಳ್ಳುತ್ತಿದ್ದ ಕಿವಿರಿನ ಜೀವಕೋಶಗಳು, ಇನ್ನು ಮುಂದೆ ಸಮುದ್ರದ ಅತಿಲವಣವನ್ನು ಹೊರದೂಡುವ ಕೆಲಸಕ್ಕೆ ಅಣಿಯಾಗುತ್ತವೆ. ಮರಿಯ ರಕ್ತದಲ್ಲಿ ಥೈರಾಯ್ಡ್ ಗ್ರಂಥಿಯ ರಸ ಒಮ್ಮೆಲೇ ಏರುವುದು ಈ ಹಂತದಲ್ಲಿಯೇ. ಸುತ್ತಣ ನೀರಿನ ಗಂಧ ಅಳಿಸಲಾಗದಂತೆ ನೆನಪಿನಲ್ಲಿ ಅಚ್ಚಾಗುವುದೂ ಆಗಲೇ. ತಮ್‌ವಾಟರಿನಲ್ಲಿ, ಎಲ್ಲೋ ಒಡೆದ ಮೊಟ್ಟೆಯ ಮರಿಯನ್ನು ಈ ನದಿಯ ನೀರಿನಲ್ಲಿ ಕೆಲವು ಕಾಲ ಇರಿಸಿಯೇ ಬಿಡುವುದರ ಕಾರಣ ಇದೇ. ನೀರಿನಲ್ಲಿ ಕರಗಿರುವ ಅಮೈನೋ ಆಮ್ಲಗಳ ಮಿಶ್ರಣವೇ ಆ ಗಂಧದ ಮುಖ್ಯ ಅಂಶವಾಗಿರಬೇಕೆಂದು ಜಪಾನಿನ ವಿಜ್ಞಾನಿಗಳ ಸಂಶೋಧನೆಗಳು ಸೂಚಿಸುತ್ತವೆ.

ಆದರೆ ನದಿಯ ಗಂಧ ನಡುಸಾಗರಕ್ಕೆ ತಲುಪದು. ತವರೂರಿನ ಬೀದಿಗೆ ಬಂದವಳಿಗೆ ಹಂಡೆಯೊಲೆಯ ಹೊಗೆಯ ವಾಸನೆ ಮನೆಯ ಬಾಗಿಲನ್ನು ತೋರಿಸಬಹುದು. ದೂರದ ಪಟ್ಟಣದಿಂದ ಊರಿನ ದಾರಿಯನ್ನು ಅದು ತೋರಿಸಲಾರದು. ಅಲಾಸ್ಕದತ್ತಣ ವಿಶಾಲ ಜಲರಾಶಿಯಲ್ಲಿ ಸಾವಿರಾರು ಕಿಲೋಮೀಟರು ದೂರದಲ್ಲಿರುವ ಮೀನಿಗೆ ಮಾರ್ಗದರ್ಶಿಯಾಗುವುದು ಭೂಮಿಯ ಕಾಂತಕ್ಷೇತ್ರ. ಕೆನಡಾದ ಫ್ರೇಸರ್ ನದಿಗೆ ಮರಳುವ ಸಾಕ್‌ಐ ಸಾಲ್ಮನ್ನುಗಳು ಅಡ್ಡ ಬರುವ ವ್ಯಾಂಕೂವರ್ ದ್ವೀಪವನ್ನು ಕೆಲವು ವರ್ಷ ಹೆಚ್ಚಾಗಿ ಉತ್ತರದಿಂದ, ಕೆಲವು ವರ್ಷ ಹೆಚ್ಚಾಗಿ ದಕ್ಷಿಣದಿಂದ ಬಳಸಿ ಬರುತ್ತವೆ. 56 ವರ್ಷಗಳ ದಾಖಲೆಗಳನ್ನು ಪರಿಶೀಲಿಸಿದ ನೇಥನ್ ಪಟ್‌ಮನ್ ಮತ್ತು ಅವರ ಸಹೋದ್ಯೋಗಿಗಳು, ಈ ಬದಲಾವಣೆ ಆ ಎಡೆಗಳ ಕಾಂತಕ್ಷೇತ್ರದ ನಿಧಾನಗತಿಯ ಬದಲಾವಣೆಯನ್ನು ಅನುಸರಿಸುತ್ತದೆಂದು 2013ರಲ್ಲಿ ತೋರಿಸಿದರು: ಮರಿಯಾಗಿ ಕಡಲನ್ನು ಹೊಕ್ಕ ಎಡೆಯ ಕಾಂತಬಲ ಎಷ್ಟಿತ್ತೋ ಅಷ್ಟನ್ನೇ ಮೀನು ಹುಡುಕುತ್ತದೆ. ಮರುವರ್ಷ ಅವರೇ ಇನ್ನೊಂದನ್ನು ತೋರಿಸಿದರು. ಎಂದೂ ಕಡಲನ್ನು ಕಾಣದ ಚಿನೂಕ್ ಮರಿಗಳನ್ನು ತಂತಿಸುರುಳಿಗಳ ನಡುವೆ ಇರಿಸಿ, ಸಾಗರದ ಉತ್ತರ ಅಂಚಿನ ಕಾಂತಕ್ಷೇತ್ರವನ್ನು ಕೃತಕವಾಗಿ ನಿರ್ಮಿಸಿದಾಗ ಅವು ದಕ್ಷಿಣಕ್ಕೂ, ದಕ್ಷಿಣದ ಅಂಚಿನದನ್ನು ನಿರ್ಮಿಸಿದಾಗ ಉತ್ತರಕ್ಕೂ ಮುಖಮಾಡಿದವು. ಸಾಗರದ ಸೀಮೆಗಳ ಅರಿವು ಹುಟ್ಟಿನಿಂದ ಬಂದದ್ದು. ಮನೆಯ ಗುರುತು ಕಲಿತದ್ದು. ವಂಶ ಮತ್ತು ಕಲಿಕೆ ಒಂದರ ಕೆಲಸವನ್ನು ಇನ್ನೊಂದು ಮುಂದುವರಿಸಿಕೊಂಡು ಹೋಗುವ ಬಗೆ ಹೀಗೆ.

ಉದ್ಯಾನದ ಮೆಟ್ಟಿಲುಗಳ ಬಳಿ ನಿಂತು ಮೀನುಗಳು ತೊಟ್ಟಿಯಿಂದ ತೊಟ್ಟಿಗೆ ಏರುವುದನ್ನು ನೋಡುವಾಗ ಕೈಯನ್ನು ನೀರಿಗೆ ಅದ್ದಬೇಕೆಂಬ ಆಸೆ ಯಾರಿಗಾದರೂ ಆದೀತು. ಅದ್ದಬಾರದು. 1950ರ ದಶಕದಲ್ಲಿ ವ್ಯಾಂಕೂವರ್ ದ್ವೀಪದ ಸ್ಟ್ಯಾಂಪ್ ಜಲಪಾತದ ಮತ್ಸ್ಯಸೋಪಾನದಲ್ಲಿ, ಮನುಷ್ಯರು ಕೈತೊಳೆದ ನೀರನ್ನೂ ಕರಡಿಯ ಪಂಜವನ್ನು ಅದ್ದಿದ ನೀರನ್ನೂ ಮೇಲಿನಿಂದ ಬಿಟ್ಟು ನೋಡಿದಾಗ, ಏರುತ್ತಿದ್ದ ಸಾಲ್ಮನ್ನುಗಳು ತಟ್ಟನೆ ನಿಂತು ಹಿಂಜರಿದವು. ಸಸ್ತನಿಗಳ ಚರ್ಮದಿಂದ ಬರುವ ಸೆರಿನ್ ಎಂಬ ಅಮೈನೋ ಆಮ್ಲವೇ ಇದಕ್ಕೆ ಕಾರಣವೆಂದು ಅನಂತರ ತಿಳಿದುಬಂತು. ಮನೆಗೆ ಕರೆಯುವುದೂ ಮೃತ್ಯುವಿನ ಎಚ್ಚರಿಕೆ ಕೊಡುವುದೂ ಒಂದೇ ಇಂದ್ರಿಯ.

ಮೆಟ್ಟಿಲನ್ನೇರಿ ಮೇಲಣ ಕೊಳವನ್ನು ಮುಟ್ಟಿದ ಮೀನನ್ನು ಹತ್ತಿರದಿಂದ ಕಂಡಾಗ ಮನಸ್ಸು ಭಾರವಾಗುತ್ತದೆ. ಸಾಗರದಲ್ಲಿ ಬೆಳ್ಳಿಯಂತಿದ್ದ ಮೈ ಕಂದಿ ಕಪ್ಪಾಗಿರುತ್ತದೆ. ಗಂಡಿನ ದವಡೆ ಕೊಕ್ಕೆಯಂತೆ ಬಾಗಿರುತ್ತದೆ. ರೆಕ್ಕೆಯ ಅಂಚುಗಳು ಹರಿದು ಬಿಳಿಯ ಬೂಷ್ಟು ಹಿಡಿದಿರುತ್ತವೆ. ನದಿಯನ್ನು ಹೊಕ್ಕಮೇಲೆ ಅದು ಆಹಾರವನ್ನು ಮುಟ್ಟುವುದಿಲ್ಲ. ಜಠರವೇ ಕುಗ್ಗಿಹೋಗಿ, ಹೊಟ್ಟೆಯ ತುಂಬ ನಾಲ್ಕೈದು ಸಾವಿರ ಮೊಟ್ಟೆಗಳಿಗೆ ಜಾಗ ಬಿಡುತ್ತದೆ. ಸಂತಾನೋತ್ಪತ್ತಿಯಾದ ಕೆಲವೇ ದಿನಗಳಲ್ಲಿ ಪೆಸಿಫಿಕ್ ಸಾಲ್ಮನ್ನುಗಳು ಸಾಯುತ್ತವೆ. ಈ ಸಾವು ಬರಿಯ ದಣಿವಿನಿಂದ ಬಂದದ್ದಲ್ಲ. ಕಾರ್ಟಿಸಾಲ್ ಎಂಬ ಗ್ರಂಥಿರಸವು ಮಿತಿಮೀರಿ ಸ್ರವಿಸಿ, ಕೂಡಿಟ್ಟ ಮಾಂಸವನ್ನೆಲ್ಲ ಶಕ್ತಿಯಾಗಿ ಕರಗಿಸಿಕೊಡುತ್ತಲೇ, ರೋಗನಿರೋಧವನ್ನು ಉಡುಗಿಸಿ ಒಳಾಂಗಗಳನ್ನು ಕೆಡಿಸುತ್ತದೆ. ಕೊಕನೀ ಎಂಬ, ಸರೋವರವಾಸಿಯಾದ ಸಾಕ್‌ಐ ಸಾಲ್ಮನ್ನಿನ ಜನನಗ್ರಂಥಿಗಳನ್ನು ಎಳವೆಯಲ್ಲಿಯೇ ತೆಗೆದುಹಾಕಿದರೆ ಅದು ಸಾಮಾನ್ಯ ಆಯುಷ್ಯದ ಎರಡರಷ್ಟು, ಎಂಟು ವರ್ಷಗಳವರೆಗೂ, ಬದುಕಬಲ್ಲುದೆಂದು ರಾಬರ್ಟ್‌ಸನ್ ಎಂಬ ಸಂಶೋಧಕರು 1961ರಲ್ಲಿ ವರದಿ ಮಾಡಿದರು. ಸಂತಾನಕ್ಕಾಗಿ ಪಕ್ವವಾಗುವ ಕ್ರಿಯೆಯೇ ಇಲ್ಲಿ ದೇಹದ ಅವಸಾನವೂ ಆಗಿದೆ.

ಹಾಗೆ ಸತ್ತ ದೇಹದಿಂದ ಕಾಡು ಬೆಳೆಯುತ್ತದೆ. ಸಾಲ್ಮನ್ನಿನ ತೂಕದ ಬಹುಪಾಲು ಸಾಗರದಲ್ಲಿ ಗಳಿಸಿದ್ದು. ಸಾಗರದ ಆಹಾರಸರಣಿಯಲ್ಲಿ ನೈಟ್ರೊಜನ್ನಿನ ಭಾರವಾದ ಸಮಸ್ಥಾನಿಯಾದ ನೈಟ್ರೊಜನ್-15 ನೆಲದಲ್ಲಿರುವುದಕ್ಕಿಂತ ಹೆಚ್ಚಿನ ಪ್ರಮಾಣದಲ್ಲಿರುತ್ತದೆ. ಕರಡಿಗಳು ಮೀನನ್ನು ಕಚ್ಚಿಕೊಂಡು ಕಾಡಿನೊಳಕ್ಕೆ ಹೋಗಿ ಅರೆತಿಂದು ಬಿಡುತ್ತವೆ. ಹದ್ದು, ಕಾಗೆ, ಹುಳುಗಳು ಉಳಿದುದನ್ನು ಹರಡುತ್ತವೆ. ಮಳೆ ಅದನ್ನು ಬೇರಿಗಿಳಿಸುತ್ತದೆ. ಅಲಾಸ್ಕದ ಹೊಳೆಗಳ ದಂಡೆಯ ಸ್ಪ್ರೂಸ್ ಮರಗಳಲ್ಲಿ ಈ ಸಾಗರಮೂಲದ ನೈಟ್ರೊಜನ್ನನ್ನು ಗುರುತಿಸಿದ ಹೆಲ್‌ಫೀಲ್ಡ್ ಮತ್ತು ನೈಮನ್ ಎಂಬ ವಿಜ್ಞಾನಿಗಳು, ಸಾಲ್ಮನ್ ಬರುವ ಹೊಳೆಯ ಬಳಿಯ ಮರಗಳು ಬೇಗ ಬೆಳೆಯುತ್ತವೆಂಬುದನ್ನೂ 2001ರಲ್ಲಿ ತಿಳಿಸಿದರು. ಮರದ ನೆರಳು ನೀರನ್ನು ತಂಪಾಗಿಡುತ್ತದೆ. ಉರುಳಿದ ಕಾಂಡ ಮರಿಗಳಿಗೆ ಆಶ್ರಯವಾಗುತ್ತದೆ. ವಾಷಿಂಗ್ಟನ್ ಸಂಸ್ಥಾನದಲ್ಲಿ ಸಾಕಣೆಯ ಕೇಂದ್ರಗಳಲ್ಲಿ ಸತ್ತ ಮೀನುಗಳನ್ನು ಮೇಲಣ ಹೊಳೆಗಳಿಗೆ ಒಯ್ದು ಹಾಕುವ ಕ್ರಮ ರೂಢಿಗೆ ಬಂದದ್ದು ಈ ತಿಳಿವಳಿಕೆಯಿಂದಲೇ.

ಎಲ್ಲ ಮೀನುಗಳೂ ತಪ್ಪದೆ ಮನೆಗೇ ಬರುತ್ತವೆಂದು ತಿಳಿಯಬಾರದು. ಕೆಲವು ದಾರಿತಪ್ಪಿ ಬೇರೆ ನದಿಯನ್ನು ಹೊಗುತ್ತವೆ. ಈ ದಾರಿತಪ್ಪುವಿಕೆಯನ್ನು ದೋಷವೆಂದು ಕರೆಯಲು ನನಗೆ ಮನಸ್ಸಿಲ್ಲ. ಸುಮಾರು 17,000 ವರ್ಷಗಳ ಹಿಂದೆ ಇಡೀ ಪ್ಯೂಜೆಟ್ ಸೌಂಡಿನ ಪ್ರದೇಶ ಹಿಮದ ಹಾಸಿನ ಕೆಳಗಿತ್ತು. ಆ ಹಿಮದ ನಾಲಗೆ ಒಲಿಂಪಿಯಾವನ್ನು ದಾಟಿ ತುಸು ದಕ್ಷಿಣಕ್ಕೆ ಬಂದು ನಿಂತಿತ್ತು. ಹಿಮ ಸರಿದ ಮೇಲೆ ಹರಿಯತೊಡಗಿದ ಹೊಸ ನದಿಗಳಲ್ಲಿ ಸಾಲ್ಮನ್ ಇಲ್ಲ, ಮರಳಬೇಕಾದ ನೆನಪೂ ಇಲ್ಲ. ಅಲ್ಲಿಗೆ ಮೊದಲು ಬಂದವು ಮನೆಯ ದಾರಿಯನ್ನು ತಪ್ಪಿದ ಮೀನುಗಳೇ. ಇಂದು ಪುರಾತನವೆಂದು ನಾವು ಗೌರವಿಸುವ ಈ ಸೀಮೆಯ ಪ್ರತಿಯೊಂದು ಸಾಲ್ಮನ್ ವಂಶವೂ ಹೀಗೆ ದಾರಿತಪ್ಪಿ ಬಂದವರ ಸಂತತಿ. 1980ರಲ್ಲಿ ಸೇಂಟ್ ಹೆಲೆನ್ಸ್ ಜ್ವಾಲಾಮುಖಿ ಸಿಡಿದು ಟೂಟಲ್ ನದಿಯನ್ನು ಬೂದಿ ಮತ್ತು ಕೆಸರಿನಿಂದ ತುಂಬಿದಾಗಲೂ ಮರಳಿಬಂದ ಮೀನುಗಳು ನೆರೆಯ ನದಿಗಳನ್ನು ಹೊಕ್ಕವು. ಕಳೆದ ಶತಮಾನದ ಮೊದಲ ವರ್ಷಗಳಲ್ಲಿ ಕ್ಯಾಲಿಫೋರ್ನಿಯಾದಿಂದ ಹಡಗಿನಲ್ಲಿ ಒಯ್ದ ಚಿನೂಕ್ ಮೊಟ್ಟೆಗಳ ಸಂತತಿ ನ್ಯೂಜಿಲೆಂಡಿನ ನದಿಗಳಲ್ಲಿ ತಾನಾಗಿ ಬಾಳುತ್ತಿದೆ. ಮೊದಲು ಬಿಟ್ಟ ನದಿಯಿಂದ ನೆರೆಯ ನದಿಗಳಿಗೂ ಅದು ಹಬ್ಬಿಕೊಂಡಿದೆ.

ಹೊಸ ನದಿಗೆ ಒಗ್ಗುವ ಈ ಸಾಮರ್ಥ್ಯವನ್ನು ಕಂಡು, ಕಾಡು ಸಾಲ್ಮನ್ನುಗಳು ಅಳಿದರೂ ಸಾಕಣೆಯಿಂದ ನೀಗಿಸಿಕೊಳ್ಳಬಹುದೆಂದು ಬಗೆಯುವುದು ಅಪಾಯಕರವಾದ ತರ್ಕ. ಬರುವ ದಾರಿ ಕಲಿತದ್ದಾದರೂ, ಬರುವ ಕಾಲ, ಮೈಯ ಅಳತೆ, ನೀರಿನ ತಾಪವನ್ನು ತಾಳುವ ಶಕ್ತಿ ಇವು ಬಹುಮಟ್ಟಿಗೆ ವಂಶದಿಂದ ಬಂದವು; ಸಾವಿರಾರು ವರ್ಷಗಳ ಆಯ್ಕೆಯಿಂದ ಒಂದೊಂದು ನದಿಗೂ ಹೊಂದಿಕೊಂಡವು. ಕಾಂಕ್ರೀಟಿನ ತೊಟ್ಟಿ ಬೇರೆ ಗುಣಗಳನ್ನು ಆಯುತ್ತದೆ. ಸಾಕಿದ ಮೀನು ಕಾಡಿನದರೊಡನೆ ಬೆರೆತಾಗ ಆ ಹೊಂದಾಣಿಕೆ ಸಡಿಲವಾಗುತ್ತದೆ. ಸಾಕಿದ ಮರಿಯ ಬೆನ್ನಿನ ಹಿಂಭಾಗದ ಪುಟ್ಟ ಕೊಬ್ಬುರೆಕ್ಕೆಯನ್ನು ಕತ್ತರಿಸಿ ಬಿಡುವುದು ಎರಡನ್ನೂ ಬೇರ್ಪಡಿಸಿ ಗುರುತಿಸುವುದಕ್ಕಾಗಿ. ಕೆಲವುದರ ಮೂತಿಯೊಳಗೆ ಒಂದು ಮಿಲಿಮೀಟರಿನಷ್ಟು ಉದ್ದದ, ಅಂಕಿ ಕೆತ್ತಿದ ತಂತಿಯ ತುಣುಕನ್ನೂ ಸೇರಿಸಿರುತ್ತಾರೆ. 1999ರಲ್ಲಿ ಪ್ಯೂಜೆಟ್ ಸೌಂಡಿನ ಚಿನೂಕ್ ವಂಶಗಳನ್ನು ಅಪಾಯದಂಚಿನ ಜೀವಿಗಳೆಂದು ಅಮೆರಿಕದ ಸರಕಾರ ಘೋಷಿಸಿತು. ಈ ಮೀನನ್ನೇ ಮುಖ್ಯವಾಗಿ ನಂಬಿ ಬಾಳುವ ಓರ್ಕಾ ತಿಮಿಂಗಿಲಗಳ ಕುಟುಂಬಗಳು ಅದೇ ಕಡಲಿನಲ್ಲಿ ಕ್ಷೀಣಿಸುತ್ತಿವೆ.

ಮನುಷ್ಯರ ಹಕ್ಕೂ ಈ ಮೀನಿನೊಡನೆ ಹೆಣೆದುಕೊಂಡಿದೆ. ತಮ್‌ವಾಟರಿನಿಂದ ಬಹುದೂರವಿಲ್ಲದ ಮೆಡಿಸಿನ್ ಕ್ರೀಕ್ ಎಂಬಲ್ಲಿ 1854ರ ಡಿಸೆಂಬರಿನಲ್ಲಿ ಸ್ಕ್ವಾಕ್ಸಿನ್, ನಿಸ್ಕ್ವಾಲಿ, ಪುಯಾಲಪ್ ಮೊದಲಾದ ಬುಡಕಟ್ಟುಗಳು ತಮ್ಮ ನೆಲವನ್ನು ಬಿಟ್ಟುಕೊಟ್ಟ ಒಪ್ಪಂದದಲ್ಲಿಯೂ ರೂಢಿಯ ಎಡೆಗಳಲ್ಲಿ ಮೀನು ಹಿಡಿಯುವ ಹಕ್ಕನ್ನು ಮಾತ್ರ ಬಿಟ್ಟುಕೊಡಲಿಲ್ಲ. ಆ ಹಕ್ಕನ್ನು ಚಲಾಯಿಸಿದ್ದಕ್ಕಾಗಿ ನಿಸ್ಕ್ವಾಲಿ ಜನಾಂಗದ ಬಿಲ್ಲಿ ಫ್ರಾಂಕ್ ಎಂಬವರೇ ಮೊದಲಾಗಿ ಅನೇಕರು ಹಲವಾರು ಬಾರಿ ಬಂಧನಕ್ಕೊಳಗಾದರು. 1974ರಲ್ಲಿ ನ್ಯಾಯಾಧೀಶ ಜಾರ್ಜ್ ಬೋಲ್ಟ್ ಅವರು, ಹಿಡಿಯಬಹುದಾದ ಮೀನಿನಲ್ಲಿ ಅರ್ಧಪಾಲು ಬುಡಕಟ್ಟುಗಳಿಗೆ ಸಲ್ಲತಕ್ಕದ್ದೆಂದು ತೀರ್ಪಿತ್ತರು. ನದಿಯಲ್ಲಿ ಮೀನೇ ಇಲ್ಲವಾದರೆ ಅರ್ಧಪಾಲಿಗೆ ಅರ್ಥವಿಲ್ಲವಾದುದರಿಂದ, ಇಂದು ಈ ನದಿಗಳ ರಕ್ಷಣೆಯಲ್ಲಿ ಮುಂದೆ ನಿಂತಿರುವವರಲ್ಲಿ ಆ ಬುಡಕಟ್ಟುಗಳ ಸ್ವಂತ ಜೀವವಿಜ್ಞಾನಿಗಳು ಪ್ರಮುಖರು. ಡೆಶೂಟ್ಸ್ ನದಿಯ ಅಳಿವೆಗೆ 1951ರಲ್ಲಿ ಅಡ್ಡಗಟ್ಟೆ ಹಾಕಿ, ರಾಜಧಾನಿಯ ಭವನಗಳ ಪ್ರತಿಬಿಂಬಕ್ಕೋಸ್ಕರ ಕ್ಯಾಪಿಟಲ್ ಲೇಕ್ ಎಂಬ ಕೃತಕ ಸರೋವರವನ್ನು ನಿರ್ಮಿಸಿದ್ದರು. ಅದರಲ್ಲಿ ಹೂಳು ತುಂಬಿ ನೀರು ಕೆಟ್ಟಿತು. ಆ ಗಟ್ಟೆಯನ್ನು ತೆಗೆದು ಅಳಿವೆಯನ್ನು ಮತ್ತೆ ಉಬ್ಬರವಿಳಿತಗಳಿಗೆ ತೆರೆದುಕೊಡಬೇಕೆಂಬ ಸ್ಕ್ವಾಕ್ಸಿನ್ ಜನರ ಬೇಡಿಕೆಯನ್ನು ಸಂಸ್ಥಾನದ ಆಡಳಿತ 2022ರಲ್ಲಿ ಸ್ವೀಕರಿಸಿತು. ಸಿಹಿನೀರಿನಿಂದ ಉಪ್ಪುನೀರಿಗೆ ಮೈಯನ್ನು ಒಗ್ಗಿಸಿಕೊಳ್ಳಬೇಕಾದ ಮರಿಗಳಿಗೆ ಅಳಿವೆಗಿಂತ ಒಳ್ಳೆಯ ಪಾಠಶಾಲೆ ಬೇರೊಂದಿಲ್ಲ.

ಉದ್ಯಾನದ ತಳದಲ್ಲಿ ನಿಂತಾಗ ಜಲಪಾತದ ಘೋಷದೊಡನೆ ಇನ್ನೊಂದು ಘೋಷವೂ ಕೇಳಿಬರುತ್ತದೆ. ಸಮೀಪದಲ್ಲಿಯೇ ಹಾದುಹೋಗುವ ದೊಡ್ಡ ಹೆದ್ದಾರಿಯದು. ಬಹುಕಾಲದಿಂದ ಪ್ಯೂಜೆಟ್ ಸೌಂಡಿನ ನಗರಗಳ ಹೊಳೆಗಳಲ್ಲಿ, ಶರತ್ಕಾಲದ ಮಳೆ ಬಿದ್ದೊಡನೆ, ಆಗಷ್ಟೇ ಕಡಲಿನಿಂದ ಬಂದ ಕೋಹೋ ಮೀನುಗಳು ಬಾಯಿ ತೆರೆದು, ಮೇಲ್ಮೈಯಲ್ಲಿ ಸುತ್ತಿಸುತ್ತಿ, ಮೊಟ್ಟೆಯಿಡುವ ಮೊದಲೇ ಸಾಯುತ್ತಿದ್ದವು. ಕಾರಣವನ್ನು ವರ್ಷಗಟ್ಟಲೆ ಹುಡುಕಿದ ವಾಷಿಂಗ್ಟನ್ನಿನ ರಸಾಯನವಿಜ್ಞಾನಿಗಳೂ ಜೀವವಿಜ್ಞಾನಿಗಳೂ ಅದನ್ನು 2020ರ ಡಿಸೆಂಬರಿನಲ್ಲಿ ಪ್ರಕಟಿಸಿದರು. ವಾಹನಗಳ ಟೈರುಗಳು ಬಿರಿಯದಂತೆ ರಬ್ಬರಿಗೆ ಸೇರಿಸುವ 6ಪಿಪಿಡಿ ಎಂಬ ದ್ರವ್ಯವು ಗಾಳಿಯಲ್ಲಿನ ಓಜೋನಿನೊಡನೆ ವರ್ತಿಸಿ 6ಪಿಪಿಡಿ-ಕ್ವಿನೋನ್ ಆಗುತ್ತದೆ. ಸವೆದ ರಬ್ಬರಿನ ಪುಡಿಯಲ್ಲಿರುವ ಅದನ್ನು ಮಳೆನೀರು ರಸ್ತೆಯಿಂದ ಹೊಳೆಗೆ ತೊಳೆದು ತರುತ್ತದೆ. ಲೀಟರು ನೀರಿನಲ್ಲಿ ಒಂದು ಮೈಕ್ರೊಗ್ರಾಮಿಗಿಂತಲೂ ಕಡಮೆಯಿದ್ದರೂ ಕೋಹೋಗೆ ಅದು ಮಾರಕ. ಚಿನೂಕ್ ಅಷ್ಟು ಸುಲಭವಾಗಿ ಅದಕ್ಕೆ ಬಲಿಯಾಗುವುದಿಲ್ಲ, ಚಮ್ ಜಾತಿಯ ಸಾಲ್ಮನ್ನಿಗಂತೂ ಅದು ತಟ್ಟುವುದೇ ಇಲ್ಲವೆನ್ನಬಹುದು. ಒಂದೇ ಕುಲದೊಳಗೆ ಈ ವ್ಯತ್ಯಾಸವೇಕೆಂಬುದರ ಶೋಧನೆ ನಡೆಯುತ್ತಿದೆ. ಜಲಪಾತವನ್ನು ನೋಡಲು ಬರುವ ನಮ್ಮಲ್ಲಿ ಹೆಚ್ಚಿನವರು ಟೈರುಗಳ ಮೇಲೆಯೇ ಬರುತ್ತೇವೆಂಬುದನ್ನು ಮರೆಯಲಾಗದು.

ಇದಕ್ಕೆ ಪರಿಹಾರದ ಹಾದಿಯೂ ತೋರಿದೆ. ಪುಯಾಲಪ್ ನಗರದಲ್ಲಿರುವ ವಾಷಿಂಗ್ಟನ್ ಸಂಸ್ಥಾನದ ಕೃಷಿ ಸಂಶೋಧನಾ ಕೇಂದ್ರದಲ್ಲಿ ಜೆನಿಫರ್ ಮೆಕಿಂಟೈರ್ ಮತ್ತು ಅವರ ಸಂಗಡಿಗರು, ವಿಷದ ಹೆಸರು ಗೊತ್ತಾಗುವುದಕ್ಕೆ ಮುಂಚೆಯೇ, ಹೆದ್ದಾರಿಯಿಂದ ಹರಿದುಬಂದ ಮಳೆನೀರನ್ನು ಹಿಡಿದು, ಅದರ ಒಂದು ಭಾಗವನ್ನು ಹಾಗೆಯೇ ಇಟ್ಟು, ಇನ್ನೊಂದು ಭಾಗವನ್ನು ಮರಳೂ ಕೊಳೆತ ಎಲೆಗೊಬ್ಬರವೂ ಬೆರೆತ ಮಣ್ಣಿನ ಪದರದ ಮೂಲಕ ಸೋಸಿ, ಎರಡರಲ್ಲಿಯೂ ಕೋಹೋ ಮೀನುಗಳನ್ನು ಬಿಟ್ಟು ನೋಡಿದರು. ಸೋಸದ ನೀರಿನಲ್ಲಿದ್ದವು ಸತ್ತವು. ಸೋಸಿದ ನೀರಿನಲ್ಲಿದ್ದವು ಬದುಕಿದವು. ಪ್ಯೂಜೆಟ್ ಸೌಂಡಿನ ಸುತ್ತಣ ಊರುಗಳಲ್ಲಿ ರಸ್ತೆಯ ಅಂಚಿಗೆ ಇಂತಹ ಮಣ್ಣು ತುಂಬಿ ಗಿಡ ನೆಟ್ಟ ತಗ್ಗುಗಳನ್ನು ತೋಡುವ ಕೆಲಸ ಈಗ ನಡೆಯುತ್ತಿದೆ.